ಹೆಡೆಯಿದ್ದ ಮಾತ್ರಕ್ಕೆ ನಾಗರವಲ್ಲ

ಮಾರತ್ತಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾವಿನ ಫೋಟೋ ಬಿದ್ದರೆ ಸಾಕು, ‘ಕೋಬ್ರಾ’ ಎಂದು ಹತ್ತು ಜನ ಬರೆಯುತ್ತಾರೆ. ಹೆಚ್ಚಿನ ಸಲ ಅದು ಪಾಪದ ಕೇರೆ. ಆ ಕೇರೆಯನ್ನೇ ನುಂಗಿ ಬದುಕುವ ಹಾವಿನ ಊರು ಆಗುಂಬೆ.

ನಾನು ಅಲ್ಲಿಗೆ ಹೋದಾಗ ಆಷಾಢದ ಮಳೆ. ಸಾಕ್ಸಿಗೆ ಹೊಗೆಸೊಪ್ಪು ಉಜ್ಜಿಕೊಂಡರೂ ಇಂಬಳ ಬಿಡಲಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ತೋಟದ ಯಜಮಾನರು ಮೊಣಕಾಲೆತ್ತರದ ದರಗಿನ ಗುಡ್ಡೆಯೊಂದನ್ನು ತೋರಿಸಿದರು. “ಕಾಳಿಂಗದ ಗೂಡು ಮಾರಾಯ್ರೆ. ಮರಿ ಎಲ್ಲ ಹೋದವು, ಹೆದರ್ಬೇಡಿ.” ಕೋಲಿನಿಂದ ಮೇಲಿನ ಪದರ ಸರಿಸಿದರು. ಹೊರಗಿನ ಎಲೆ ಕೊಳೆತು ಕಪ್ಪಾಗಿತ್ತು. ಒಳಗೆ ಅಷ್ಟು ಮಳೆಯಲ್ಲೂ ಒಣದರಗು, ನಡುವೆ ಸೀಳಿದ ಮೆತ್ತನೆಯ ಮೊಟ್ಟೆಚಿಪ್ಪುಗಳು. ಕೈಕಾಲಿಲ್ಲದ ತಾಯಿ ಮೈಯ ಸುರುಳಿಯಲ್ಲೇ ಎಲೆ ಎಳೆದು ತಂದು ಒಟ್ಟಿದ್ದು. ಕಾಳಿಂಗದ ಬಳಗ ಬಿಟ್ಟರೆ ಹೀಗೆ ಗೂಡು ಕಟ್ಟುವ ಹಾವು ಇನ್ನೊಂದಿಲ್ಲ.

ಹೆಡೆ ನೋಡಿ ಇದನ್ನು ನಾಗರಕ್ಕೆ ಅಣ್ಣನೆನ್ನುತ್ತೇವೆ, ಕುಲವೇ ಬೇರೆ. ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಕಾಳಿಂಗವೆಲ್ಲ ಒಂದೇ ಪ್ರಭೇದವೆಂಬ ಲೆಕ್ಕವನ್ನೂ 2024ರಲ್ಲಿ ಇಂದ್ರನೀಲ್ ದಾಸ್, ಪಿ. ಗೌರಿಶಂಕರ್ ಮತ್ತು ಸಂಗಡಿಗರು ಮುರಿದು ನಾಲ್ಕಾಗಿಸಿದರು. ನಮ್ಮ ಘಟ್ಟದ್ದು ಈಗ ಒಫಿಯೋಫೇಗಸ್ ಕಾಳಿಂಗ.

ಕತ್ತಲಾದ ಮೇಲೆ ರಸ್ತೆ ಬದಿಯ ಟೊಂಗೆಯಲ್ಲಿ ಮಲಬಾರ್ ಗುಳಿಮಂಡಲ ಸಿಕ್ಕಿತು. ಮಂಡಲದ ವಿಷದ ಹಲ್ಲು ಮಡಚಿಕೊಳ್ಳುತ್ತದೆ, ಕಾಳಿಂಗದ್ದು ಮಡಚುವುದಿಲ್ಲ. ಎರಡರ ವಿಷದಲ್ಲೂ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವವಿದೆ, ಆದರೆ ಅದು ಒಂದೇ ಹಿರಿಯರ ಆಸ್ತಿಯಲ್ಲ. ನಾಗರ-ಕಾಳಿಂಗದ ಕಡೆಯವು ಮೇದೋಜೀರಕದ ಜೀರ್ಣಕಿಣ್ವದ ಬಗೆಯದನ್ನು, ಮಂಡಲಗಳು ಉರಿಯೂತದಲ್ಲಿ ಕೆಲಸ ಮಾಡುವ ಬಗೆಯದನ್ನು ಬೇರೆಬೇರೆಯಾಗಿ ವಿಷಕ್ಕೆ ಇಳಿಸಿಕೊಂಡವು. ಮೈಯೊಳಗಿನ ಜೀನ್ ನಕಲಾಗುತ್ತದೆ; ಮೂಲಪ್ರತಿ ಹಳೆಯ ಚಾಕರಿಯಲ್ಲೇ ಉಳಿದರೆ ನಕಲು ವಿಷಗ್ರಂಥಿಯಲ್ಲಿ ಹೊಸ ಕಸುಬು ಹಿಡಿಯುತ್ತದೆ. ನನಗಂತೂ ಹುತ್ತದ ಕತೆಗಳಿಗಿಂತ ಇದೇ ದೊಡ್ಡ ಸೋಜಿಗ.

ಈ ನಂಟಸ್ತಿಕೆ ಆಸ್ಪತ್ರೆಗೂ ಬೇಕು. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷದಿಂದ ತಯಾರಾದದ್ದು. ಆ ವಿಷದ ಬಹುಪಾಲು 1978ರಲ್ಲಿ ಹುಟ್ಟಿದ, ಮಹಾಬಲಿಪುರದ ಬಳಿಯ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬದಲಾಗುತ್ತದೆಂದು ಐಐಎಸ್‌ಸಿಯ ಕಾರ್ತಿಕ್ ಸುನಗರ್ ತಂಡ ತೋರಿಸಿಕೊಟ್ಟಿದೆ. ಕಾಳಿಂಗದ ವಿಷಕ್ಕಂತೂ ಆ ಬಾಟಲಿಯಲ್ಲಿ ಪಾಲೇ ಇಲ್ಲ.

ಯಜಮಾನರಿಗೆ ಇದನ್ನು ಹೇಳಿದೆ. “ಕಾಳಿಂಗ ಕಚ್ಚಿದ್ದು ನಮ್ಮ ಕೇರೀಲಿ ನಾನು ಕೇಳಿಲ್ಲ,” ಎಂದರು ಹಾಳೆಟೋಪಿ ಸರಿಮಾಡಿಕೊಳ್ಳುತ್ತ. “ಕೊಳಕುಮಂಡಲ ನೋಡಿ, ಹೋದ ವರ್ಷ ಗಬ್ಬದ ಹಸು ಹೋಯ್ತು.”