ಪಂಪಿನ ಲೆಕ್ಕ

ನಮ್ಮ ಕೊಪ್ಪಳ ಸೀಮೆಯಲ್ಲಿ ಪಂಪು ಎಂದರೆ ನೀರೆತ್ತುವ ಪಂಪೇ. ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಆದ್ದರಿಂದಲೇ 2022ರ ಬೇಸಿಗೆಯಲ್ಲಿ ನನ್ನ ಹೆಂಡತಿ ಹುಬ್ಬಳ್ಳಿಯ ಆಸ್ಪತ್ರೆಯಿಂದ ಪಂಪು ಹಾಕಿಸಿಕೊಂಡು ಬಂದಳೆಂಬ ಸುದ್ದಿ ಕೇಳಿ ಯಲಬುರ್ಗಾದಿಂದ ಬಂದ ನಮ್ಮ ಕಾಕಾ, ಬಾಗಿಲಲ್ಲೇ ನಿಂತು, “ಎಷ್ಟು ಎಚ್.ಪಿ.ದೋ ತಮ್ಮಾ?” ಎಂದು ಕೇಳಿಬಿಟ್ಟರು. ರೋಗಿಯೇ ಮೊದಲು ನಕ್ಕಳು. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗೆ ಅದು.

ಅದು ಕೂಸಿನ ಹಾಲಿನ ಶೀಸೆಯಷ್ಟು ದೊಡ್ಡ ಪ್ಲಾಸ್ಟಿಕ್ ಶೀಸೆ. ಒಳಗೊಂದು ಬಲೂನು; ಬಲೂನಿನ ತುಂಬ ಫ್ಲೋರೋಯುರಾಸಿಲ್ ಎಂಬ ಔಷಧ. 1957ರಷ್ಟು ಹಳೆಯ ಮದ್ದು. ರಕ್ತಕ್ಕೆ ಸೇರಿದ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ಕ್ಯಾನ್ಸರಿನ ಕಣವೋ, ತಾನು ಇಬ್ಭಾಗವಾಗಲು ಅಣಿಯಾಗುವಾಗಲೇ ಹೆಚ್ಚಾಗಿ ಅದರ ಕೈಗೆ ಸಿಕ್ಕುವುದು; ಎಲ್ಲ ಕಣಗಳೂ ಒಂದೇ ಗಳಿಗೆಗೆ ಅಣಿಯಾಗುವುದಿಲ್ಲ. ಅದಕ್ಕಾಗಿ 46 ಗಂಟೆ ಎಡೆಬಿಡದೆ ಹನಿಯುತ್ತಿರಬೇಕು. ವಿದ್ಯುತ್ತಿಲ್ಲ, ಸದ್ದಿಲ್ಲ, ಬಲೂನು ತಾನೇ ಕುಗ್ಗುತ್ತ, ಎದೆಯ ಚರ್ಮದಡಿ ಕೂಡಿಸಿದ ಬಿಲ್ಲೆಯೊಳಕ್ಕೆ ಮದ್ದನ್ನು ತಳ್ಳುತ್ತದೆ. ಕುಷ್ಟಗಿಯಲ್ಲಿ ದಾಳಿಂಬೆ ಬೆಳೆಯುವ ನನ್ನ ಹೆಂಡತಿಯ ಅಣ್ಣ ಎಲ್ಲ ಕೇಳಿ, “ಹನಿ ನೀರಾವರಿ ಅನ್ರಿ” ಎಂದರು. ಡಾಕ್ಟರು ಅರ್ಧ ಗಂಟೆ ಹೇಳಿದ್ದು ಎರಡು ಮಾತಿನಲ್ಲಿ ಮುಗಿಯಿತು.

ಹದಿನಾಲ್ಕು ದಿನಕ್ಕೊಮ್ಮೆಯಂತೆ 12 ಬಾರಿ ಈ ನೀರಾವರಿ. ಬೆಳಿಗ್ಗೆ ಹುಬ್ಬಳ್ಳಿಗೆ ಹೋಗಿ ಆರು ಗಂಟೆ ಆಸ್ಪತ್ರೆಯಲ್ಲಿ ಬೇರೆ ಮದ್ದುಗಳನ್ನು ಏರಿಸಿಕೊಂಡು, ಶೀಸೆಯನ್ನು ಸೊಂಟದ ಚೀಲದಲ್ಲಿಟ್ಟು ಮನೆಗೆ ಬರುವುದು. ಮೂರನೆಯ ದಿನ ಕಳಚಿಸಲು ಮತ್ತೆ ಹೋಗುವುದು.

ರೋಗದ ಮಾತು ಹೀಗಾದರೆ, ಬಿಲ್ಲಿನ ಮಾತು ಬೇರೆ. ವಿಮಾ ಕಂಪನಿಯವರು ಬರೆದರು: ‘46 ಗಂಟೆಯ ಚಿಕಿತ್ಸೆ ಎಂದು ಒಂದು ಕಾಗದ, ಆರು ಗಂಟೆಗೇ ಬಿಡುಗಡೆ ಎಂದು ಇನ್ನೊಂದು, ಯಾವುದು ಸರಿ?’ ಎರಡೂ ಸರಿ ಎಂದು ಅವರಿಗೆ ಹೇಗೆ ತಿಳಿಸುವುದು? 24 ಗಂಟೆ ಆಸ್ಪತ್ರೆಯಲ್ಲಿ ಮಲಗಬೇಕೆಂಬ ನಿಯಮಕ್ಕೆ ಕಿಮೋಥೆರಪಿ ಹೊರತಾದ್ದರಿಂದ ಆ ತಕರಾರು ನಿಲ್ಲಲಿಲ್ಲ. ಆದರೆ ಶೀಸೆಯ ಹಣವನ್ನು ಕತ್ತರಿಸಿದರು. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ಪಟ್ಟಿಯೊಂದರಲ್ಲಿ ‘ಇನ್ಫ್ಯೂಷನ್ ಪಂಪ್’ ಎಂಬುದು ಚಿಕಿತ್ಸೆಯ ವೆಚ್ಚದೊಳಗೇ ಅಡಕವಾದ ವಸ್ತುವಾಗಿತ್ತು. ಅದಕ್ಕೆ ಬೇರೆ ಹಣವಿರಲಿಲ್ಲ. ವಾರ್ಡಿನಲ್ಲಿ ಹತ್ತು ರೋಗಿಗಳಿಗೆ ಬಳಸುವ ಯಂತ್ರಕ್ಕೆ ಈ ಮಾತು ಒಪ್ಪುತ್ತದೆ. ಒಬ್ಬಳ ಮೈಮೇಲೆ ಎರಡು ದಿನವಿದ್ದು ಕಸಕ್ಕೆ ಹೋಗುವ ಶೀಸೆಗೂ ಅದೇ ಹೆಸರು ಬಿದ್ದದ್ದು ನಮ್ಮ ಗ್ರಹಚಾರ. ಕಾಕಾ ಮಾಡಿದ ತಪ್ಪನ್ನೇ ಕಂಪನಿಯವರೂ ಮಾಡಿದರು; ಆದರೆ ಈ ಸಲ ಯಾರೂ ನಗಲಿಲ್ಲ.

ಗಂಗಾವತಿಯ ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ರಾತ್ರಿಯೆಲ್ಲ ಕುಳಿತು ಅಮೆರಿಕದ ಆಸ್ಪತ್ರೆಗಳ ಬಿಲ್ಲಿಗೆ ಸಂಖ್ಯೆ ಹಾಕುವ ಕೆಲಸದವನು. ಅವನಿಗೆ ಹೇಳಿದರೆ, “ಮಾಮಾ, ಅಲ್ಲಿ ಇದಕ್ಕ ಬೇರೆ ಸಂಖ್ಯೆನ ಅದ. ಎಂಟು ತಾಸಿಗಿಂತ ಹೆಚ್ಚು ಹೊತ್ತು ಪಂಪಿನಿಂದ ಕಿಮೋ ಶುರು ಮಾಡಿದ್ರ 96416” ಎಂದ. ಯಾರೋ ಕಾಣದ ಅಮೆರಿಕದವಳ ಶೀಸೆಗೆ ನಮ್ಮ ಹುಡುಗ ನಿದ್ದೆಗೆಟ್ಟು ಸಂಖ್ಯೆ ಬರೆಯುತ್ತಾನೆ. ಅವನ ಅತ್ತೆಯ ಶೀಸೆಗೆ ನೆಟ್ಟಗೆ ಒಂದು ಹೆಸರಿಲ್ಲ!

ಅವನೇ ಉಪಾಯ ಹೇಳಿದ. ಆಸ್ಪತ್ರೆಯ ಬಿಲ್ಲಿನ ಹುಡುಗ, ಪಾಪ, ತನ್ನ ಕಂಪ್ಯೂಟರಿನಲ್ಲಿದ್ದುದು ಅದೊಂದೇ ಹೆಸರೆಂದು ಒಪ್ಪಿಕೊಂಡ. ‘ಒಬ್ಬ ರೋಗಿಗೆ ಒಮ್ಮೆ ಬಳಸಿ ಬಿಸಾಡುವ, ಔಷಧ ತುಂಬಿದ ಸಾಧನ, 46 ಗಂಟೆ ಹನಿಸಲು ಅನಿವಾರ್ಯ’ ಎಂದು ಡಾಕ್ಟರಿಂದ ಬರೆಸಿ, ಬಿಲ್ಲಿನಲ್ಲೂ ಹಾಗೆಯೇ ತಿದ್ದಿಸಿ ಮತ್ತೆ ಕಳಿಸಿದೆ. ಮೂರು ತಿಂಗಳಿಗೆ ಒಂದಷ್ಟು ಹಣ ಬಂತು, ಎಲ್ಲವೂ ಅಲ್ಲ. ಈ ದಾರಿ ತುಳಿಯಬೇಕಾದವರು ಮೊದಲ ಬಿಲ್ಲಿನಲ್ಲೇ ಬರೀ ‘ಪಂಪು’ ಎಂದು ಬರೆಯಗೊಡಬಾರದು.

ಕೊನೆಯ ಶೀಸೆ ಕಳಚಿದ ರಾತ್ರಿ ಲೆಕ್ಕದ ಪುಸ್ತಕ ತೆರೆದೆ. 12 ಸಲಕ್ಕೆ 46ರಂತೆ 552 ಗಂಟೆ. ಸರಿಯಾಗಿ 23 ದಿನ. ಶೀಸೆಗೆ ಬಿಸಿಲು ತಾಗದಂತೆ, ನಿದ್ದೆಯಲ್ಲಿ ನಳಿಗೆ ಮಡಚದಂತೆ ಕಾದದ್ದು, ಬಲೂನು ಎಷ್ಟು ಕುಗ್ಗಿತೆಂದು ನಡುರಾತ್ರಿ ಬ್ಯಾಟರಿ ಬಿಟ್ಟು ನೋಡಿದ್ದು ಈ 23 ದಿನಗಳಲ್ಲೇ. ಆಸ್ಪತ್ರೆಯ ಬಿಲ್ಲಿನಲ್ಲಿ ಅವು ಇರಲಿಲ್ಲ.

ಅವಳು ಹೆಗಲ ಮೇಲಿಂದ ಬಗ್ಗಿ ನೋಡಿ, “ನೀವು ಎದ್ದು ಕುಂತ ರಾತ್ರಿ ಲೆಕ್ಕ ಎಲ್ಲಿ ಬರದೀರಿ?” ಎಂದಳು.

“ಅದಕ್ಕ ಸಂಖ್ಯೆ ಇಲ್ಲ” ಎಂದೆ.

“ಹಂಗಾರ ಬಾಕಿ ಇರಲಿ ಬಿಡ್ರಿ” ಎಂದು ದೀಪ ಆರಿಸಿದಳು.