ಹೋಗದೆ ಉಳಿದದ್ದು

ಅಣ್ಣಿಗೇರಿ

ನನ್ನವ್ವಾ, ಚಿರಂಜೀವಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ ‘ಎಕ್ಸ್‌ಟಂಟ್’ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟು ನೋಡಿ ‘ಇರುವ’ ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಅಷ್ಟು ಸಾಲದು ಅನ್ನಿಸಿತು. ಮನೆ ಮುಂದಿನ ಬೇವಿನ ಮರವೂ ಇದೆ, ಅದಕ್ಕೆ ಯಾರೂ ಎಕ್ಸ್‌ಟಂಟ್ ಅನ್ನುವುದಿಲ್ಲ. ಜೊತೆಯವೆಲ್ಲ ಹೋದರೂ ತಾನು ಹೋಗದೆ ಉಳಿದ ಹಳೆಯದಕ್ಕೆ ಆ ಮಾತು: ತಾಡೋಲೆಗೆ, ಶಾಸನಕ್ಕೆ, ಕಾವ್ಯಕ್ಕೆ. ನಮ್ಮ ಪಂಡಿತರು ‘ಉಪಲಬ್ಧ’ ಎಂದು ಬರೆಯುತ್ತಾರೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಎದ್ದು ನಿಲ್ಲುವುದು ಎಂಬ ಅರ್ಥವಂತೆ. ನಮ್ಮ ಅಮೃತೇಶ್ವರ ಗುಡಿಯ 76 ಕಂಬಗಳನ್ನು ನೆನೆಸಿಕೊ, ಮರೆಯುವುದಿಲ್ಲ. ‘ಎಕ್ಸ್‌ಟೆಂಟ್’ ಬೇರೆ, ಅದು ಪ್ರಮಾಣ. ಪರೀಕ್ಷೆಯಲ್ಲಿ ಅದಲು ಬದಲು ಮಾಡಬೇಡ.

ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಕವಿರಾಜಮಾರ್ಗ ಮೊದಲನೆಯದು ಅನ್ನುವಾಗ ‘ಉಪಲಬ್ಧ’ವನ್ನು ಬಿಟ್ಟರೆ ಮಾತು ಸುಳ್ಳಾಗುತ್ತದೆ. ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ತನಗಿಂತ ಹಿಂದಿನವರ ಹೆಸರನ್ನು ಆ ಗ್ರಂಥವೇ ಹೇಳುತ್ತದೆ. ಅವರು ಬರೆದದ್ದು ನಮಗೆ ಸಿಕ್ಕಿಲ್ಲ. ಪೊನ್ನನ ಶಾಂತಿಪುರಾಣ ಉಳಿಯಿತು, ಭುವನೈಕರಾಮಾಭ್ಯುದಯ ಹೋಯಿತು.

ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ಈಗಿನ ತೆಲಂಗಾಣದ ಕುರ್ಕ್ಯಾಲದ ಬಳಿ ಬಂಡೆಯ ಮೇಲೆ ಶಾಸನ ಬರೆಸಿದ. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ಅದರಲ್ಲಿದೆ. ನೋಡು, ನಮ್ಮೂರಿನ ಒಬ್ಬ ಅಜ್ಜ, ಅವನ ಮೊಮ್ಮಗಳು! ಸಾವಿರ ವರ್ಷ ದಾಟಿ ಅವರ ಹೆಸರು ನನ್ನ ಬಾಯಿಗೆ ಬಂದದ್ದು ಆ ಕಲ್ಲು ಉಳಿದದ್ದರಿಂದ. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ನಿಮ್ಮ ಆಯಿಯ ಹಾಡನ್ನು ಯಾರೂ ಕಲ್ಲಿನ ಮೇಲೆ ಬರೆಸಲಿಲ್ಲ. ನಸುಕಿನಲ್ಲಿ ಜೋಳ ಬೀಸುತ್ತ ಅವಳು ಎಷ್ಟು ಹಾಡಿದಳೋ, ಅದರಲ್ಲಿ ಏಳನೆಯ ತರಗತಿಯ ರಜೆಯಲ್ಲಿ ನೀನು ಬರೆದುಕೊಂಡ 11 ಹಾಡುಗಳಷ್ಟೇ ಉಳಿದಿವೆ. “ಬರ್ಕೊಂಡ್ ಏನ್ ಮಾಡ್ತಿ ಬಿಡವಾ” ಅಂತ ನಕ್ಕಿದ್ದಳು. ನಿನ್ನೆ ಟ್ರಂಕು ತೆಗೆದೆ. ನೋಟ್‌ಬುಕ್ಕಿನ ಅಂಚನ್ನು ಒರಲಿ ತಿಂದಿದೆ. ಮೂರನೆಯ ಹಾಳೆಯ ಮೇಲೆ ಅವಳ ಅರಿಷಿಣದ ಹೆಬ್ಬೆಟ್ಟಿನ ಗುರುತು ಇನ್ನೂ ಹಳದಿಯಾಗಿಯೇ ಇದೆ. ನಿನ್ನ ಪೆನ್ಸಿಲ್ ಅಕ್ಷರ ಮಾತ್ರ ಮಾಸುತ್ತಿದೆ.

ಶೀಗಿ ಹುಣ್ಣಿಮೆಗೆ ಬರುವಾಗ ದಪ್ಪ ಹಾಳೆಯ ನೋಟ್‌ಬುಕ್ ಒಂದು, ಕರಿ ಶಾಯಿಯ ಪೆನ್ನು ಒಂದು ತಾ. ನೀನು ಓದು. ಅಕ್ಷರ ಮಾಸಿದಲ್ಲಿ ನಾನು ನೆನಪಿನಿಂದ ಹೇಳುತ್ತೇನೆ, ಬರೆದುಕೊ. ನನಗೀಗ 81, ಮುಂದಿನ ವರ್ಷಕ್ಕೆ ಬಿಡಬೇಡ.

ನಿನ್ನ ಅಜ್ಜ