ನಮ್ಮ ಜೀಪಿನ ವಿಂಚು

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಜೀಪು ಹೂತುಕೊಳ್ಳುವುದಕ್ಕೆ ಸ್ಥಳವನ್ನು ಅರಸಿಕೊಂಡು ಹೋಗಬೇಕಾದುದಿಲ್ಲ. ಕಡಲ ಕಡೆಗೆ ನಡೆದರೆ ಮರಳು. ಅಘನಾಶಿನಿಯ ಗಜನಿ ಭೂಮಿಗೆ ಇಳಿದರೆ ಮೊಣಕಾಲುದ್ದದ ಕರಿಯ ಕೆಸರು. ಗೇರುಸೊಪ್ಪೆಯ ಘಟ್ಟವನ್ನೋ, ಭಟ್ಕಳದಿಂದ ಕೋಗಾರಿನ ಕಡೆಗೆ ಏರುವ ಘಟ್ಟವನ್ನೋ ಬಿಟ್ಟು ತೋಟದ ಒಳದಾರಿಯನ್ನು ಹಿಡಿದರೆ ಹಾವಸೆ ಕಟ್ಟಿದ ಚಿರೆಕಲ್ಲು. ವರುಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಜ್ಯೇಷ್ಠದಿಂದ ಆಶ್ವೀಜದವರೆಗೆ ಮಣ್ಣಿನ ದಾರಿಯನ್ನು ದಾರಿಯೆಂದು ಕರೆಯುವುದು ಬರಿಯ ಮರ್ಯಾದೆಗಾಗಿ. ಆದರೂ ಗೊಬ್ಬರದ ಚೀಲ, ಅಡಿಕೆಯ ಮೂಟೆ, ಬಾಣಂತಿ, ಕಾಯಿಲೆಯವರು ಎಲ್ಲರೂ ಎಲ್ಲವೂ ಅದರ ಮೇಲೆಯೇ ಬರಬೇಕಷ್ಟೆ.

ಹೀಗಿರಲು ನಮ್ಮ ಮನೆಯಲ್ಲಿ ಜೀಪಿನ ಮುಂಭಾಗಕ್ಕೆ ಒಂದು ವಿಂಚನ್ನು ಕೂಡಿಸಬೇಕೆಂಬ ಮಾತು ಎದ್ದಾಗ ಬೇಡವೆಂದವರು ಯಾರೂ ಇಲ್ಲ. ಯಾವುದನ್ನು ತರಬೇಕೆಂಬುದಕ್ಕೆ ಮಾತ್ರ ಒಂದು ಮಳೆಗಾಲವೆಲ್ಲ ಜಗಲಿಯ ಮೇಲೆ ಚರ್ಚೆ ನಡೆಯಿತು.

ವಿಂಚೆಂಬುದು ನಮ್ಮ ಕರಾವಳಿಗೆ ಹೊಸ ವಸ್ತುವಲ್ಲ. ತದಡಿಯಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ದಡಕ್ಕೆ ಬಂದ ಟ್ರಾಲರ್ ಬೋಟನ್ನು ನೋಡಿದವರೆಲ್ಲರೂ ಬಲೆಯ ಹಗ್ಗವನ್ನು ಸುತ್ತಿಕೊಳ್ಳುವ ಆ ಯಂತ್ರವನ್ನು ಕಂಡೇ ಇರುವರು. ಒಂದು ಉರುಳೆ, ಅದಕ್ಕೆ ಸುತ್ತಿದ ಹಗ್ಗ, ತಿರುಗಿಸುವುದಕ್ಕೆ ಮೋಟಾರು, ಆ ಮೋಟಾರಿನ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಗಾಲಿಗಳು: ಇಷ್ಟೇ. ಜೀಪಿನದು ಬ್ಯಾಟರಿಯಿಂದ ನಡೆಯುವುದು. ಹಗ್ಗದ ತುದಿಯನ್ನು ಎದುರಿನ ಮರಕ್ಕೆ ಕಟ್ಟಿ ಗುಂಡಿಯನ್ನು ಒತ್ತಿದರೆ, ಮರ ಬರಲಾರದಾದುದರಿಂದ ಜೀಪೇ ಮರದ ಬಳಿಗೆ ಹೋಗುವುದು.

ಅಂಗಡಿಯಲ್ಲಿ ವಿಂಚಿನ ಶಕ್ತಿಯನ್ನು ಪೌಂಡುಗಳಲ್ಲಿ ಹೇಳುವರು. ವಾಹನದ ತುಂಬಿದ ತೂಕದ ಒಂದೂವರೆ ಪಟ್ಟಿಗೆ ಕಡಿಮೆಯಾಗಬಾರದೆಂಬುದು ಬಲ್ಲವರ ಲೆಕ್ಕ. ನಮ್ಮ ಜೀಪು ಜನ ಸಾಮಾನುಗಳೊಡನೆ 2,500 ಕಿಲೋಗ್ರಾಮು. ಅದರ ಒಂದೂವರೆ ಪಟ್ಟು 3,750. 9,500 ಪೌಂಡಿನ ವಿಂಚೆಂದರೆ ಸುಮಾರು 4,300 ಕಿಲೋಗ್ರಾಮು, ಸಾಕಾಯಿತೆಂದು ತೋರುತ್ತದೆ. ಆದರೆ ಆ ಅಂಕಿ ಉರುಳೆಯ ಮೇಲೆ ಹಗ್ಗದ ಒಂದೇ ಪದರವಿರುವಾಗಿನ ಮಾತು. ಪದರದ ಮೇಲೆ ಪದರ ಕೂಡಿದಂತೆಲ್ಲ ಉರುಳೆ ದಪ್ಪವಾಗಿ ಎಳೆತ ಕುಗ್ಗುತ್ತ ಹೋಗುವುದು. ನಾಲ್ಕನೆಯ ಪದರಕ್ಕೆ ಬರುವಷ್ಟರಲ್ಲಿ ಸುಮಾರು ಮೂರರಲ್ಲೊಂದು ಪಾಲು ನಷ್ಟವಾಗಿರುವುದು. ಇತ್ತ ಕೆಸರಿನ ಲೆಕ್ಕ ಬೇರೆ. ಗಾಲಿ ಮುಳುಗುವಷ್ಟು ಹೂತ ವಾಹನವನ್ನು ಕೀಳಲು ಅದರ ತೂಕದಷ್ಟೇ ಎಳೆತ ಬೇಕು. ಮಡ್‌ಗಾರ್ಡಿನವರೆಗೆ ಹೂತರೆ ಅದರ ಎರಡರಷ್ಟು. ನಮ್ಮ ಜೀಪಿಗೆ ಅದು 5,000 ಕಿಲೋಗ್ರಾಮಾಯಿತು. ಗಜನಿಯ ಕೆಸರಿಗೆ ಇದು ಪುಸ್ತಕದ ಲೆಕ್ಕವಲ್ಲ.

ಇಲ್ಲಿ ದೊಡ್ಡ ವಿಂಚನ್ನು ಕೊಳ್ಳುವುದಕ್ಕಿಂತ ಒಂದು ಗಟ್ಟಿಯಾದ ಕಪ್ಪಿಯನ್ನು ಕೊಳ್ಳುವುದೇ ಜಾಣತನವೆಂದು ನಮ್ಮ ಅಭಿಪ್ರಾಯ. ಕಪ್ಪಿಯನ್ನು ಮರಕ್ಕೆ ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ, ತುದಿಯನ್ನು ಹಿಂದಕ್ಕೆ ತಂದು ಜೀಪಿನ ಕೊಂಡಿಗೇ ಸಿಕ್ಕಿಸಿದರೆ ಎಳೆತ ಹೆಚ್ಚುಕಡಿಮೆ ಇಮ್ಮಡಿ, ವೇಗ ಅರ್ಧ. ಹೆಚ್ಚು ಹಗ್ಗ ಬಿಚ್ಚಿರುವುದರಿಂದ ಉರುಳೆಯ ಪದರಗಳೂ ಕಡಿಮೆಯಾಗುವುವು. ಆದರೆ ಮರದ ಮೇಲೆ ಬೀಳುವ ಭಾರವೂ ಇಮ್ಮಡಿಯೆಂಬುದನ್ನು ಮರೆಯತಕ್ಕುದಲ್ಲ. ಇನ್ನು ಎಲ್ಲಕ್ಕಿಂತ ಅಗ್ಗವಾದ ಸಹಾಯವೆಂದರೆ ಗುದ್ದಲಿ. ಗಾಲಿಯ ಮುಂದೆ ಹತ್ತು ನಿಮಿಷ ಅಗೆದರೆ ಸಾವಿರ ಪೌಂಡು ಉಳಿಯುವುದುಂಟು.

ಹಗ್ಗದ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷ. ಉಕ್ಕಿನ ತಂತಿಹಗ್ಗ ಕಲ್ಲಿಗೆ ಉಜ್ಜಿದರೂ ತಾಳುವುದು. ಆದರೆ ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುವುದು, ಮುರಿದ ಎಳೆಗಳು ಮುಳ್ಳಿನಂತೆ ಕೈಗೆ ನಾಟುವುವು, ಕಡಿದರೆ ಭಾರವಾದುದರಿಂದ ಚಾಟಿಯಾಗಿ ಬೀಸುವುದು. ಡೈನೀಮಾ ಎಂಬ ನೂಲಿನ ಹಗ್ಗ ಹಗುರ, ತುಕ್ಕಿಲ್ಲ. ಕಡಿದಾಗ ಅದರ ಹೊಡೆತವೂ ಕಡಿಮೆ. ಅದಕ್ಕೆ ಬಿಸಿಲು, ಮರಳು, ಚೂಪು ಕಲ್ಲು ಮೂರೂ ಶತ್ರುಗಳು. ನಾವು ಕೊನೆಗೆ ನೂಲಿನದನ್ನೇ ತಂದೆವು. ಆದರೂ ಕಟ್ಟಿದ ಕೊಂಡಿಯೇ ಮುರಿದರೆ ಹಾರುವುದು ಹಗ್ಗವಲ್ಲ, ಕಬ್ಬಿಣ.

ದೊಡ್ಡಪ್ಪನವರ ಒಲವು ಕೊನೆಯವರೆಗೂ ಕೈವಿಂಚಿನ ಕಡೆಗೇ ಇತ್ತು. ಅವರ ವಾದವೂ ಸುಳ್ಳಲ್ಲ. ಮುಂಭಾಗಕ್ಕೆ ಕೂಡಿಸಿದ ವಿಂಚು ಮುಂದಕ್ಕೆ ಮಾತ್ರ ಎಳೆಯುವುದು; ತೋಟಕ್ಕೆ ಇಳಿದು ಹೂತ ಜೀಪು ಬಹಳಮಟ್ಟಿಗೆ ಹಿಂದಕ್ಕೆ ಬರಬೇಕಾದುದು. ಕೈವಿಂಚನ್ನು ಯಾವ ದಿಕ್ಕಿಗೂ ಕಟ್ಟಬಹುದು, ಬ್ಯಾಟರಿಯ ಹಂಗಿಲ್ಲ. ಮಿತಿಮೀರಿದ ಭಾರ ಬಿದ್ದರೆ ಹಗ್ಗಕ್ಕೆ ಮೊದಲು ಸನ್ನೆಯೊಳಗಿನ ಸಣ್ಣ ಪಿನ್ನು ಮುರಿಯುವ ಏರ್ಪಾಡು ಒಳ್ಳೆಯ ಕೈವಿಂಚುಗಳಲ್ಲಿರುವುದು. ವಿದ್ಯುತ್ತಿನದಾದರೋ ಪೂರ್ತಿ ಭಾರದಲ್ಲಿ 400 ಆಂಪಿಯರಿನಷ್ಟು ಹೀರುವುದು. ಎಂಜಿನನ್ನು ನಡೆಯಿಸುತ್ತಲೇ ಇರಬೇಕು, ಒಂದೊಂದು ನಿಮಿಷ ಎಳೆದು ಆರಗೊಡಬೇಕು. ಕೈಯಲ್ಲಿ ಹಣ ಕಡಿಮೆಯಿರುವ ಗೃಹಸ್ಥರಿಗೆ ನಾವು ಕೈವಿಂಚನ್ನೇ ಸೂಚಿಸುವೆವು.

ಕಾಯದೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಮೇಲು. ಮೋಟಾರು ವಾಹನ ಕಾಯದೆಯ 52ನೆಯ ಕಲಮು ನೋಂದಣಿಯ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆಯು ಮುಂಭಾಗದ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಕೊಳ್ಳಬೇಕೆಂದು ರಾಜ್ಯಗಳಿಗೆ ಬರೆಯಿತು. ಆದುದರಿಂದ ವಿಂಚಿನ ಜತೆಗೆ ಅಂದದ ಕಬ್ಬಿಣವನ್ನೆಲ್ಲ ತಗುಲಿಸಿಕೊಳ್ಳುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಇಷ್ಟೆಲ್ಲ ಯಂತ್ರದ ಮಾತಾಯಿತು. ನಿಜವಾದ ಅಪಾಯ ಯಂತ್ರದಲ್ಲಿಲ್ಲ, ನಮ್ಮ ಜನರ ಒಳ್ಳೆಯತನದಲ್ಲಿದೆ. ಜೀಪು ಹೂತಿತೆಂದರೆ ಕರೆಯುವ ಮೊದಲೇ ಹದಿನೈದು ಜನ ನೆರೆಯುವರು. ಒಬ್ಬ ಬಾನೆಟ್ಟಿಗೆ ಹೆಗಲು ಕೊಡುವನು, ಇನ್ನೊಬ್ಬ ಹಗ್ಗ ಬಿಗಿಯಿತೋ ಎಂದು ಕಾಲಿನಿಂದ ಒತ್ತಿ ನೋಡುವನು, ಮಕ್ಕಳು ದರೆಯ ಮೇಲೆ ಸಾಲಾಗಿ ಕೂರುವರು. ಗೋಕರ್ಣದ ಶಿವರಾತ್ರಿಯ ತೇರಿನ ಹಗ್ಗಕ್ಕೆ ನೂರಾರು ಕೈಗಳು ಬಿದ್ದರೂ ಅದಕ್ಕೆ ಒಂದು ದಾಕ್ಷಿಣ್ಯವುಂಟು. ಜನ ನಿಂತರೆ ಹಗ್ಗವೂ ಸಡಿಲುವುದು. ವಿಂಚಿನ ಹಗ್ಗಕ್ಕೆ ಆ ದಾಕ್ಷಿಣ್ಯವಿಲ್ಲ. ಬಿಗಿದ ಹಗ್ಗದಲ್ಲಿ ಟನ್ನುಗಟ್ಟಲೆ ಬಲ ಅಡಗಿ ಕುಳಿತಿದ್ದು, ಬಿಡುಗಡೆಯಾದರೆ ಕಣ್ಣೆವೆಯಿಕ್ಕುವುದರೊಳಗೆ ಆಗುವುದು. ಬೋಟಿನ ಕೆಲಸದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವರು ಬಿಗಿದ ಹಗ್ಗದ ಸಾಲಿನಲ್ಲಿ ನಿಲ್ಲರು. ಕಪ್ಪಿಯಲ್ಲಿ ಹಗ್ಗ ಬಾಗಿದ ಕಡೆ ಒಳಮೂಲೆಗೆ ಅಂತೂ ಕಾಲಿಡರು, ಏಕೆಂದರೆ ಕಪ್ಪಿ ಕಿತ್ತರೆ ಅದು ಬರುವುದು ಆ ಮೂಲೆಗೇ.

ಕಳೆದ ಆಷಾಢದಲ್ಲಿ ಗೇರುಸೊಪ್ಪೆಯ ಕಡೆಯ ಒಂದು ಒಳದಾರಿಯಲ್ಲಿ ನೆರೆಯವರ ಪಿಕಪ್ ಚರಂಡಿಗೆ ಜಾರಿತು. ಒಳಗೆ ಜ್ವರದ ಮುದುಕಿಯೊಬ್ಬರು. ಹೊನ್ನಾವರದ ಆಸ್ಪತ್ರೆಗೆ ಹೊರಟವರು. ನಮ್ಮ ಭಾವನವರು ಜೀಪು ತಂದು ಮೊದಲು ಆ ತಾಯಿಯನ್ನು ಇಳಿಸಿ ಒಂದು ಮನೆಯ ಚಾವಡಿಯಲ್ಲಿ ಮಲಗಿಸಿದರು. ನಮ್ಮ ಜೀಪೇ ಜಾರದಂತೆ ಅದರ ಹಿಂಭಾಗವನ್ನು ಮರವೊಂದಕ್ಕೆ ಬಿಗಿಯಬೇಕಾಗಿತ್ತು. ಪಕ್ಕದಲ್ಲಿಯೇ ದಪ್ಪನೆಯ ಅಕೇಸಿಯಾ ಇತ್ತು. ಅಲ್ಲಿದ್ದವರೆಲ್ಲ ಅದನ್ನೇ ತೋರಿಸಿದರು. ಭಾವನವರು ಒಪ್ಪಲಿಲ್ಲ. ಗಾಳಿ ಬೀಸಿದರೆ ಬುಡಸಹಿತ ಬೀಳುವ ಮರವದು. ತೆಂಗು ಅಡಿಕೆಗಳಂತೂ ಇಂಥ ಭಾರಕ್ಕಲ್ಲ. ನೀರು ಕುಡಿದ ಗುಡ್ಡದ ಮಣ್ಣನ್ನು ನಂಬುವ ಕಾಲವೂ ಅಲ್ಲ. 2022ರ ಆಗಸ್ಟಿನಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದು ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ನಾಲ್ವರು ಮಡಿದುದು, 2024ರ ಜುಲೈ 16ರಂದು ನೆರೆಯ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಗೇ ಗುಡ್ಡ ಇಳಿದುದು ಎಲ್ಲರ ನೆನಪಿನಲ್ಲಿದೆಯಷ್ಟೆ. ಅವರು ಇನ್ನೂ ಇಪ್ಪತ್ತು ಹೆಜ್ಜೆ ಹಿಂದಿದ್ದ ಹೊನ್ನೆಯ ಮರದ ಬುಡಕ್ಕೆ, ತೊಗಟೆ ಸುಲಿಯದಂತೆ ಅಗಲವಾದ ಪಟ್ಟಿಯನ್ನು ಸುತ್ತಿದರು. ಹಗ್ಗವನ್ನು ಹಗ್ಗಕ್ಕೇ ಗಂಟು ಹಾಕಲಿಲ್ಲ. ಪಿಕಪ್ಪಿಗೆ ಕಟ್ಟಿದ ವಿಂಚಿನ ಹಗ್ಗದ ನಡುವೆ ಒದ್ದೆ ಗೋಣಿಯನ್ನು ಹೊದಿಸಿದರು. ಕಡಿದರೆ ಅದು ಹಗ್ಗವನ್ನು ನೆಲಕ್ಕೆ ಕೆಡವುವುದು.

ಜನಕ್ಕೆ ತಾಳ್ಮೆಯಿರಲಿಲ್ಲ. "ಮುದುಕಿ ಒದ್ದಾಡ್ತಾ ಇದ್ದು, ನೀವು ಶಾಸ್ತ್ರ ಮಾಡ್ತಾ ಕೂತ್ರಲ್ಲ ಭಾವಾ!" ಎಂದು ಒಬ್ಬರು ಗದರಿದರು. ಭಾವನವರು ಉತ್ತರ ಕೊಡದೆ, ಬಿಚ್ಚಿದ ಹಗ್ಗದ ಒಂದೂವರೆ ಪಟ್ಟು ದೂರವನ್ನು ಹೆಜ್ಜೆಯಿಂದ ಅಳೆದು, ಎಲ್ಲರನ್ನೂ ಅದರಾಚೆಗೆ ಬದಿಗೆ ಕಳುಹಿಸಿ, ತಲೆಗಳನ್ನು ಎಣಿಸಿದರು. ಹದಿನಾರು. ಆಮೇಲೆ ಗುಂಡಿ ಒತ್ತಿದರು. ಹಗ್ಗ ಬಿಗಿದು ಸಣ್ಣಗೆ ಸದ್ದು ಮಾಡತೊಡಗಿದಾಗ ಹುಡುಗನೊಬ್ಬ ಕೆಸರಿನಲ್ಲಿ ಸಿಕ್ಕಿದ ತನ್ನ ಚಪ್ಪಲಿಯನ್ನು ನೆನೆದು ಹಗ್ಗದ ಕಡೆಗೆ ಓಡಿದನು. ಭಾವನವರ ಬೆರಳು ಗುಂಡಿಯಿಂದ ಎದ್ದಿತು. "ತಮ್ಮಾ, ಹಿಂದೆ ಹೋಗು. ಚಪ್ಪಲಿ ಎಲ್ಲಿಗೂ ಹೋಗ್ತಿಲ್ಲೆ." ಹುಡುಗ ಹೋದ ಮೇಲೆ ತಲೆಗಳನ್ನು ಮತ್ತೊಮ್ಮೆ ಎಣಿಸಿದರು. ಆಗ ನಗಲು ಯಾರಿಗೂ ಧೈರ್ಯ ಬರಲಿಲ್ಲ. ಕಾಲು ಗಂಟೆ ಹೆಚ್ಚು ಹಿಡಿಯಿತು. ಪಿಕಪ್ ಮೇಲೆ ಬಂತು. ಮುದುಕಿ ಕತ್ತಲಾಗುವುದರೊಳಗೆ ಆಸ್ಪತ್ರೆಯಲ್ಲಿದ್ದರು.

ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ನಮ್ಮ ಮನೆಯಲ್ಲಿ ಆ ಹಗ್ಗವನ್ನು ಪೂರ್ತಿ ಬಿಚ್ಚಿ, ಮರಳೂ ಉಪ್ಪೂ ಹೋಗುವಂತೆ ಬಾವಿಯ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸುವರು. ಗಾಯಗೊಂಡ ಎಳೆಗಳುಂಟೋ ಎಂದು ಉದ್ದಕ್ಕೂ ಬೆರಳಾಡಿಸಿ ನೋಡುವ ಕೆಲಸ ದೊಡ್ಡಪ್ಪನವರದು. ವಿಂಚನ್ನು ಅವರು ಇನ್ನೂ ಒಪ್ಪಿಲ್ಲ, ಹಗ್ಗವನ್ನು ಒಪ್ಪಿರುವರು. ಉರುಳೆಯ ಮೇಲೆ ಎಂದೂ ಬಿಚ್ಚದೆ ಉಳಿಸಬೇಕಾದ ಮೊದಲ ಹತ್ತು ಸುತ್ತುಗಳ ಗುರುತಿಗೆ ಅವರು ಕೆಂಪು ಬಣ್ಣ ಬಳಿದಿದ್ದಾರೆ. ಈ ವರುಷ ಬಣ್ಣ ಮಾಸಿದೆ, ಹೊಸದಾಗಿ ಬಳಿಯಬೇಕು.